ಧ್ವಜಕ್ಕೆ ಉಡಿ ತುಂಬಿದ ದಿನ

ನಮ್ಮ ಮನೆಯಲ್ಲಿ ಗಂಡಸರು ಎಲ್ಲಿ ಬೇಕಾದರೂ ಕೂರಬಹುದಿತ್ತು. ಹೆಂಗಸರಿಗೆ ಮಾತ್ರ ಕೂರುವ ಜಾಗ ಗೊತ್ತುಮಾಡಿತ್ತು. ತಲಬಾಗಿಲು ದಾಟಿದರೆ ಎರಡೂ ಕಡೆ ಕಟ್ಟೆ, ಅದು ಅಪ್ಪನ ಮತ್ತು ಅವನ ಗೆಳೆಯರ ಜಾಗ. ಆಮೇಲೆ ಶಹಾಬಾದಿನ ಫರ್ಶಿ ಕಲ್ಲು ಹಾಸಿದ ಪಡಸಾಲೆ. ಬೇಸಿಗೆಯಲ್ಲಿ ಅದರ ಮೇಲೆ ಬೆನ್ನು ಹಚ್ಚಿದರೆ ತಂಪು ನೆತ್ತಿಯವರೆಗೆ ಏರುತ್ತಿತ್ತು. ಅದರಾಚೆ ಅಡುಗೆಮನೆ, ಅವ್ವನ ರಾಜ್ಯ. ಅಡುಗೆಮನೆಯ ಮಗ್ಗುಲಲ್ಲಿ ಕಿಟಕಿಯಿಲ್ಲದ ಜೋಳದ ಕೋಣೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ತುಂಡು ಬಿಸಿಲೇ ಅದಕ್ಕೆ ದೀಪ. ಹಬ್ಬಕ್ಕೋ ಬಸುರಿಯ ಕುಬಸಕ್ಕೋ ಓಣಿಯ ಮುತ್ತೈದೆಯರು ನಮ್ಮ ಮನೆಗೆ ಬಂದರೆ, ಅವರ ಬಳೆಯ ಸದ್ದು ತಲಬಾಗಿಲಲ್ಲಿ ಕೇಳುತ್ತಲೇ ಪಡಸಾಲೆಯಲ್ಲಿ ಕೂತಿದ್ದ ಇಬ್ಬರು ಎದ್ದು ಆ ಕೋಣೆಗೆ ಹೋಗುತ್ತಿದ್ದರು: ನನ್ನ ಆಯಿ, ಅಂದರೆ ಅಪ್ಪನ ತಾಯಿ, ಮತ್ತು ನನ್ನ ಅತ್ತಿ ನೀಲಮ್ಮ, ಅಪ್ಪನ ಅಕ್ಕ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಹೋಗಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವನ್ನೇ ಇಟ್ಟಿರಲಿಲ್ಲ ನಮ್ಮ ಜನ. ನಾನೂ ಅವರ ಹಿಂದೆಯೇ ಓಡುತ್ತಿದ್ದೆ, ಯಾಕೆಂದರೆ ಆಯಿ ಬೆಲ್ಲ-ಪುಟಾಣಿಯ ಡಬ್ಬಿಯನ್ನು ಅಲ್ಲಿಯೇ ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದಳು. ಮನೆಯ ಅತಿ ದೊಡ್ಡವರಿಗಾಗಿಯೇ ಮೀಸಲಿಟ್ಟ ಕೋಣೆ ಅದು ಎಂದು ನಾನು ಬಹಳ ವರ್ಷ ನಂಬಿದ್ದೆ.

ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿತ್ತು, ನನ್ನ ಪುಟ್ಟ ಕೊರಳಲ್ಲೂ. ಹುಟ್ಟಿದರೆ ಮೈಲಿಗೆಯಿಲ್ಲ, ಸತ್ತರೆ ಮೈಲಿಗೆಯಿಲ್ಲ, ಹೆಣ್ಣೆಂದು ಕಡಿಮೆಯಿಲ್ಲ ಎಂದು ಶರಣರು ಹೇಳಿದ್ದನ್ನು ಶ್ರಾವಣದಲ್ಲಿ ಮಠದ ಅಯ್ಯನವರು ಸ್ವಾರಸ್ಯವಾಗಿ ವರ್ಣಿಸುತ್ತಿದ್ದರು. ಊರಿಗೆ ಊರೇ ತಲೆದೂಗಿ ಕೇಳುತ್ತಿತ್ತು. ಪುರಾಣ ಮುಗಿದ ಮೇಲೆ ಆರತಿ ಎತ್ತಲು ಮುತ್ತೈದೆಯರನ್ನೇ ಕರೆಯುತ್ತಿದ್ದರು. ಕೇಳಿದ್ದು ಕಿವಿಗೆ, ಮಾಡುವುದು ರೂಢಿಗೆ. ಈ ಮಾತು ಬರೆಯುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ಬರಲಿ ಬಿಡಿ.

ಅತ್ತಿಯನ್ನು ಊರೊಳಗೇ ಮೇಲೋಣಿಗೆ ಕೊಟ್ಟಿದ್ದರು. ಅವಳ ಗಂಡ ಚೆನ್ನಪ್ಪ ಮಾತು ಕಡಿಮೆಯ ಮನುಷ್ಯನಂತೆ. ರಜಾಕಾರರ ಹಾವಳಿಯ ವರ್ಷ, ಊರವರೆಲ್ಲ ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದಿದ್ದಾಗ, ಆ ಮಾತು ಕಡಿಮೆಯ ಮನುಷ್ಯ ಚಾವಡಿಯ ಮೇಲೆ ಹತ್ತಿ ಮೂರು ಬಣ್ಣದ ಧ್ವಜ ಕಟ್ಟಿ ಇಳಿದ. ಮಧ್ಯಾಹ್ನದ ಹೊತ್ತಿಗೆ ರಜಾಕಾರರು ಬಂದರು. ಚಾವಡಿಯ ಮುಂದೆಯೇ ಅವನನ್ನು ಹೊಡೆದು ಕೊಂದರು. ಅದಾದ ಕೆಲವೇ ವಾರಕ್ಕೆ ಭಾರತದ ದಂಡು ಬಂತು, ನಿಜಾಮನ ಆಳಿಕೆ ಮುಗಿಯಿತು, ಊರು ಬಾಗಿಲು ತೆರೆಯಿತು. ಅತ್ತಿ ಮಾತ್ರ ಬರಿಗೈಯಲ್ಲಿ, ಒಂದು ಟ್ರಂಕಿನೊಂದಿಗೆ ತವರಿಗೆ ಬಂದಳು. ಟ್ರಂಕಿನಲ್ಲಿ ಇನ್ನು ಉಡಬಾರದ ಲಗ್ನದ ಹಸಿರು ಸೀರೆ ಮತ್ತು ಗಂಡನ ಬಿಳಿ ರುಮಾಲು ಇದ್ದವು. ಚೆನ್ನಪ್ಪನ ಹೆಸರು ಊರಿನ ಭಾಷಣಗಳಲ್ಲಿ ಬರತೊಡಗಿತು. ಅವನ ಹೆಂಡತಿ ಜೋಳದ ಕೋಣೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

ಪಕ್ಕದ ಮನೆ ಖಾಜಾಬಿಯದು. ಅವಳ ಗಂಡ ಮೌಲಾಸಾಬ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಯಾವ ರಜಾಕಾರನ ಹಿಂದೆಯೂ ಹೋದವನಲ್ಲ. ಆದರೆ ದಂಡು ಬಂದ ಮೇಲಿನ ದಿನಗಳಲ್ಲಿ ಸೇಡು ತೀರಿಸಿಕೊಳ್ಳಲು ಹೊರಟ ಗುಂಪೊಂದು ವಾಡಿಯ ದಾರಿಯಲ್ಲಿ ಅವನನ್ನು ಹಿಡಿಯಿತು. ಹೆಸರು ಕೇಳಿದರು, ಹೆಸರಿಗಾಗಿಯೇ ಕೊಂದರು. ಅವನ ಹೊಲಿಗೆ ಮಷೀನು ಉಳಿಯಿತು. ಖಾಜಾಬಿ ಅದರ ಮೇಲೆ ಕುಬಸ, ಅಂಗಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದಳು. ಅತ್ತಿ ಅವಳ ಹತ್ತಿರ ಹೊಲಿಗೆ ಕಲಿತಳು. ಮಧ್ಯಾಹ್ನ ಎರಡೂ ಮನೆಯ ನಡುವಿನ ಮೊಳಕಾಲೆತ್ತರದ ಗೋಡೆ ದಾಟಿ ಅತ್ತಿ ಹೋಗುವಳು, ನಾನೂ ಹೋಗುವೆ. ಒಬ್ಬಳು ಚಕ್ರ ತಿರುಗಿಸಿದರೆ ಇನ್ನೊಬ್ಬಳು ಬಟ್ಟೆ ಹಿಡಿಯುತ್ತಿದ್ದಳು.

ನಾನು ಹೇಳುತ್ತಿರುವ ವರ್ಷದಲ್ಲಿ ಊರಿನ ಹಿರಿಯರು ನಿಜಾಮನ ಆಳಿಕೆ ಮುಗಿದ ದಿನವನ್ನು ದೊಡ್ಡದಾಗಿ ಆಚರಿಸಲು ನಿಶ್ಚಯಿಸಿದರು. ಅಷ್ಟರವರೆಗೆ ಚಿತ್ತಾಪುರದಿಂದ ಯಾರೋ ಧ್ವಜ ತಂದು ಹಾರಿಸಿ, ಸಂಜೆಗೆ ಮಡಿಚಿಕೊಂಡು ಹೋಗಿಬಿಡುತ್ತಿದ್ದರು. ಈ ಸಲ ನಿಮ್ಮ ಧ್ವಜ ನೀವೇ ನೋಡಿಕೊಳ್ಳಿ ಎಂದು ತಾಲೂಕಿನಿಂದ ಹೇಳಿಕಳಿಸಿದ್ದರು. ಕಮಿಟಿಯಾಯಿತು. ಗೌಡರು ಮುಖ್ಯಸ್ಥರು, ಅಪ್ಪ ಓಡಾಡುವವನು. ಕಮಿಟಿ ಎಂಬ ಮಾತನ್ನು ಅಪ್ಪ ದಿನಕ್ಕೆ ಎಷ್ಟು ಸಲ ಆಡುತ್ತಿದ್ದನೆಂದರೆ, ಆಯಿ ಅವನನ್ನೇ 'ಕಮಿಟಿ' ಎಂದು ಕರೆಯತೊಡಗಿದ್ದಳು. ಧ್ವಜ ಹೊಲಿಯಬಲ್ಲವರು ಯಾರು ಎಂದಾಗ ಅಪ್ಪ ಹೆಮ್ಮೆಯಿಂದ ತನ್ನ ಅಕ್ಕನ ಹೆಸರು ಹೇಳಿ ಬಂದ.

ಅತ್ತಿ ಅಂಗಡಿಯ ಬಟ್ಟೆ ಬೇಡವೆಂದಳು. ನನ್ನ ಮುತ್ಯಾನಿಗೆ, ಅಂದರೆ ಆಯಿಯ ಗಂಡನಿಗೆ, ಮಠದಿಂದ ಬಂದಿದ್ದ ಕಾವಿ ಶಲ್ಯ ಮನೆಯಲ್ಲಿತ್ತು, ಆಯಿ ಅದನ್ನು ಕೊಟ್ಟಳು. ಬಿಳಿಗೆ ಟ್ರಂಕಿನ ರುಮಾಲು. ಹಸಿರಿಗೆ ಲಗ್ನದ ಸೀರೆ. ಆ ಸೀರೆಗೆ ಕತ್ತರಿ ಹಾಕಲು ಖಾಜಾಬಿ ಒಪ್ಪಲಿಲ್ಲ. ಅತ್ತಿ ಕತ್ತರಿ ಇಸಿದುಕೊಂಡು ತಾನೇ ಒಂದೇ ಸಮ ಕತ್ತರಿಸಿದಳು. ಬಿಳಿಯ ನಡುವಿನ ಚಕ್ರಕ್ಕೆ ಹಿತ್ತಾಳೆ ಬಟ್ಟಲು ಬೋರಲು ಹಾಕಿ ಗುಂಡಗೆ ಗೆರೆ ಎಳೆದು, ಬಟ್ಟೆಗೆ ಹಾಕುವ ನೀಲಿಯನ್ನು ಗಟ್ಟಿಯಾಗಿ ಕಲಸಿ ತುಂಬಿದರು. ಕಡ್ಡಿಗಳು ಒಂದೆರಡು ಕಡಿಮೆಯೇ ಬಿದ್ದಿರಬೇಕು. ಮುಗಿದ ಮೇಲೆ ಅತ್ತಿ ಅದನ್ನು ಪಡಸಾಲೆಯ ಫರ್ಶಿಯ ಮೇಲೆ ಹಾಸಿ ಸುಮ್ಮನೆ ನೋಡುತ್ತ ಕೂತಳು. ಆಮೇಲೆ ಅವ್ವನಿಗೆ ಹೇಳಿದಳು:

"ನಮ್ಮವರು ಕಟ್ಟಿದ್ದನ್ನ ರಜಾಕಾರರು ಹರಿದು ಒಗದ್ರು. ಅದೇ ಚಾವಡಿ ಮುಂದ ಈ ಸಲ ನನ್ನ ಕೈಲೇ ಏರಿಸ್ಬೇಕು ಅಂತ ಮನಸಾಗ್ಯಾದ. ಇಷ್ಟು ವರ್ಷದಾಗ ನಾ ಏನೂ ಬೇಡಿಲ್ಲ ಹೌದಲ್ಲ?"

ಅವ್ವ ಧ್ವಜದ ಅಂಚಿನ ಸುಕ್ಕನ್ನು ಕೈಯಿಂದ ಸರಿಮಾಡಿ ಅಡುಗೆಮನೆಗೆ ಹೋದಳು. ಅವ್ವ ಎಂದೂ ಯಾರಿಗೂ ಎದುರುತ್ತರ ಕೊಟ್ಟವಳಲ್ಲ.

ಇತ್ತ ಊರಿನ ಹೆಂಗಸರದು ಬೇರೆಯೇ ಚರ್ಚೆ. ಧ್ವಜವೆಂದರೆ ತಾಯಿ, ತಾಯಿಯೆಂದರೆ ಹೆಣ್ಣು. ಹೆಣ್ಣುಮಗಳು ಹುಟ್ಟಿದ ಮನೆಯಿಂದ ಹೊರಡುವಾಗ ಬರಿ ಉಡಿಯಲ್ಲಿ ಹೊರಡಬಾರದು. ಆದ್ದರಿಂದ ಧ್ವಜವನ್ನು ನಮ್ಮ ಮನೆಯಿಂದ ಚಾವಡಿಗೆ ಒಯ್ಯುವ ಮೊದಲು ಅದಕ್ಕೆ ಅಕ್ಕಿ, ಕೊಬ್ಬರಿ, ಅರಿಶಿಣ ಕೊಂಬು, ಎಲೆ ಅಡಿಕೆ ಹಾಕಿ ಉಡಿ ತುಂಬಬೇಕು, ಆರತಿ ಮಾಡಿ ಮೆರವಣಿಗೆಯಲ್ಲಿ ಕಳಿಸಬೇಕು ಎಂದು ಗೌಡಸಾನಿಯ ಕಟ್ಟೆಯ ಮೇಲೆ ತೀರ್ಮಾನವಾಯಿತು. ಬೇರೆ ಊರಿನವರು ಕೇಳಿದರೆ ನಗುತ್ತಾರೆ, ಧ್ವಜಕ್ಕೆ ಯಾರಾದರೂ ಉಡಿ ತುಂಬುತ್ತಾರೆಯೇ ಎಂದು. ನನಗೆ ನಗು ಬರುವುದಿಲ್ಲ. ನಮ್ಮೂರು ತೆಗೆದುಕೊಂಡ ತೀರ್ಮಾನಗಳಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ. ಆದರೆ ಅದರ ಬಾಲಕ್ಕೆ ಇನ್ನೊಂದು ತೀರ್ಮಾನ ಗಂಟುಬಿದ್ದಿತ್ತು, ಅದನ್ನು ಅಪ್ಪ ಊಟಕ್ಕೆ ಕೂತಾಗ ತಂದ.

ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಅಪ್ಪ ಮೊದಲ ರೊಟ್ಟಿಯನ್ನು ಮುರಿದು ಮುರಿದು ಚೂರು ಮಾಡಿದನೇ ಹೊರತು ಬಾಯಿಗೆ ಹಾಕಲಿಲ್ಲ.

"ಅಕ್ಕಾ, ನಾಳಿ ಮುಂಜಾನೆ ಮುತ್ತೈದ್ಯಾರು ಬರ್ತಾರ. ಧ್ವಜ ಪಡಸಾಲಿಯಾಗ ಮಣಿ ಮ್ಯಾಲ ಇಟ್ಟುಬಿಡು. ಉಡಿ ತುಂಬೋದು, ಆರತಿ, ಅವೆಲ್ಲ ಅವರು ನೋಡ್ಕೋತಾರ. ನೀನು, ಆಯಿ... ಒಳಗ ಇದ್ರ ಛಲೋ ಅಂತ ಕಮಿಟ್ಯಾಗ ಅನ್ಲಿಕತ್ತಾರ."

ಅತ್ತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

"ಹಗ್ಗ ಯಾರು ಎಳಿತಾರ?" ಎಂದು ಕೇಳಿದಳು.

"ಗೌಡ್ರು."

ಆಗ ಆಯಿ ಬಾಯಿ ತೆರೆದಳು. ಆಯಿ ನನ್ನ ಅಪ್ಪ ಎಳೆಯವನಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ಅಂದಿನಿಂದ ಎಷ್ಟು ಮದುವೆಗಳಲ್ಲಿ, ಎಷ್ಟು ತೊಟ್ಟಿಲುಗಳಲ್ಲಿ ಹಿಂದೆ ಸರಿದು ನಿಂತಿದ್ದಳೋ. ತನಗಾಗಿ ಒಮ್ಮೆಯೂ ತುಟಿ ಎರಡು ಮಾಡಿರಲಿಲ್ಲ.

"ಏ ಕಮಿಟಿ, ನಿನ್ನ ಲಗ್ನದಾಗ ನಾ ಜ್ವಾಳದ ಕೋಣ್ಯಾಗ ಕುಂತಿದ್ದೆ. ಹಡದ ತಾಯಿ, ಮಗನ ತಲಿಮ್ಯಾಲ ನಾಕು ಕಾಳು ಅಕ್ಕಿ ಹಾಕಲಿಲ್ಲ. ಅವತ್ತು ಸುಮ್ಮಕಿದ್ದೆ. ಇವತ್ತ ನನ್ನ ಮಗಳನ್ನ ಆ ಕೋಣ್ಯಾಗ ಕುಂದ್ರಸ್ತೀ ಅಂದ್ರ ನಾ ಸುಮ್ಮಕಿರಾಕಿ ಅಲ್ಲ."

"ಆಯೀ, ಊರಾಗ ನಾಕು ಮಂದಿ ಏನಂತಾರ?"

"ಆ ನಾಕು ಮಂದಿ ಚೆನ್ನಪ್ಪನ್ನ ಹೊಡಿವಾಗ ಏನಂದ್ರು, ಅದನ್ನೇ ಅಂತಾರ. ಏನೂ ಅನ್ನಂಗಿಲ್ಲ."

ಅಪ್ಪ ಅರ್ಧ ಊಟದಲ್ಲೇ ಎದ್ದು ಕಟ್ಟೆಗೆ ಹೋದ. ಅತ್ತಿ ಅರ್ಧಕ್ಕೆ ನಿಂತ ರೊಟ್ಟಿಯನ್ನು ಮತ್ತೆ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ. ಆ ದಿನದ ರೊಟ್ಟಿಗಳು ಕಾಗದದಷ್ಟು ತೆಳ್ಳಗಿದ್ದವು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅತ್ತಿ ಆಗಲೇ ಮಿಂದು, ಹಣೆಗೆ ವಿಭೂತಿ ಧರಿಸಿ, ಪಡಸಾಲೆಯ ನಟ್ಟನಡುವೆ ಕೂತಿದ್ದಳು. ಮಡಿಲಲ್ಲಿ ಧ್ವಜ. ಪಕ್ಕದಲ್ಲಿ ಆಯಿ. ಓಣಿಯ ಆ ತುದಿಯಿಂದ ಬಳೆಗಳ ಸದ್ದು ಬರತೊಡಗಿತು. ನಾನು ರೂಢಿಯಂತೆ ಜೋಳದ ಕೋಣೆಯ ಬಾಗಿಲಿಗೆ ಓಡಿ ಹಿಂದೆ ತಿರುಗಿ ನೋಡಿದೆ. ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ. ಸದ್ದು ಕಟ್ಟೆಯವರೆಗೆ ಬಂತು, ಹೊಸ್ತಿಲಿಗೆ ಬಂತು. ಆ ಕೋಣೆ ಯಾತಕ್ಕಾಗಿ ಇತ್ತೆಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ. ಯಾರೂ ವಿವರಿಸಲಿಲ್ಲ, ಬಂದ ಹೆಂಗಸರ ಮುಖ ನೋಡಿದರೆ ಸಾಕಿತ್ತು.

ಗೌಡಸಾನಿ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಳು. ಕೆಟ್ಟ ಹೆಂಗಸಲ್ಲ ಅವಳು, ನನಗೆ ಜ್ವರ ಬಂದಾಗ ಸಾರು ಕಳಿಸಿದವಳು. ಮೆಲ್ಲಗೆ ಹೇಳಿದಳು:

"ನೀಲಮ್ಮಾ, ಹೊತ್ತಾಗ್ಲಿಕತ್ಯಾದ. ಶುಭದ ಹೊತ್ತಿನಾಗ ಹಿಂಗ ಮಾಡಬಾರ್ದವ್ವ. ಒಳಗ ನಡಿ."

"ಇದನ್ನ ಹಡದಾಕಿ ನಾ ಇದ್ದೀನ್ರಿ," ಎಂದಳು ಅತ್ತಿ. "ಮಗಳನ್ನ ಕಳಸೋವಾಗ ಹಡದಾಕಿ ಉಡಿ ತುಂಬಬೇಕಲ್ರಿ? ನಾ ತುಂಬ್ತೀನಿ. ನೀವು ಆರತಿ ಹಿಡೀರಿ."

ಹೆಂಗಸರಲ್ಲಿ ಗುಜುಗುಜು ಎದ್ದಿತು. ಆಯಿ ಕೋಲೂರಿ ಎದ್ದು ನಿಂತು, ಧ್ವಜದ ಒಂದೊಂದೇ ಪಟ್ಟಿಯನ್ನು ಬೆರಳಲ್ಲಿ ಹಿಡಿದು ತೋರಿಸಿದಳು.

"ಗೌಡಸಾನೆವ್ವಾ, ನೋಡ್ರಿ. ಇದು ಸತ್ತ ನನ್ನ ಅಳಿಯನ ರುಮಾಲು. ಇದು ನನ್ನ ಮಗಳ ಲಗ್ನದ ಸೀರಿ. ಮುಂಡಿ ಸೀರಿ ತಲಿಮ್ಯಾಲ ಹಾರಸಿ ಕೈ ಮುಗಿಲಿಕ್ಕೆ ನಿಮಗ ನಡೀತದ, ಮುಂಡಿ ಕೈ ಮಾತ್ರ ನಡಿಯಂಗಿಲ್ಲೇನು? ನಡಿಯಂಗಿಲ್ಲಂದ್ರ ಹೇಳ್ರಿ, ಈಗೇ ಹೊಲಿಗಿ ಬಿಚ್ಚಿ ಸೀರಿ ಟ್ರಂಕಿನಾಗ ಇಡ್ತೀವಿ."

ಅಪ್ಪ ತಲಬಾಗಿಲ ಹತ್ತಿರ ನಿಂತು ಮುಖ ಒರೆಸಿಕೊಳ್ಳುತ್ತಿದ್ದ. ಆಗ ಅಡುಗೆಮನೆಯಿಂದ ಅವ್ವ ಬಂದಳು. ಎದುರುತ್ತರ ಕೊಡದ ನನ್ನ ಅವ್ವ, ಕೈತುಂಬ ಬಳೆ, ಹಣೆಯ ಮೇಲೆ ದುಂಡನೆಯ ಕುಂಕುಮ. ಆ ಗುಂಪಿನಲ್ಲಿ ಕಳೆದುಕೊಳ್ಳಲು ಎಲ್ಲವೂ ಇದ್ದವಳು. ಗೌಡಸಾನಿಯ ಹಿಂದೆ ನಿಂತಿದ್ದವಳ ಕೈಯಿಂದ ಉಡಿ ಅಕ್ಕಿಯ ತಟ್ಟೆಯನ್ನು ತೆಗೆದುಕೊಂಡಳು. ನಡೆದು ಬಂದು ಅತ್ತಿಯ ಮುಂದೆ ಇಟ್ಟಳು.

"ತುಂಬ್ರಿ ಅಕ್ಕಾ," ಎಂದಳು. ಅಷ್ಟೇ ಎಂದಳು.

ಅತ್ತಿ ಬೊಗಸೆಯಲ್ಲಿ ಅರಿಶಿಣದ ಅಕ್ಕಿ ತುಂಬಿ ಧ್ವಜದ ಮಡಿಕೆಯೊಳಗೆ ಸುರಿದಳು. ಕೊಬ್ಬರಿ, ಅರಿಶಿಣ ಕೊಂಬು, ಎಲೆ ಅಡಿಕೆಯನ್ನು ಆ ಮಡಿಕೆಗೆ ಮುಟ್ಟಿಸಿ ತೆಗೆದು ತಟ್ಟೆಯಲ್ಲಿಟ್ಟಳು. ಅಕ್ಕಿಯನ್ನು ಮಾತ್ರ ಒಳಗೇ ಬಿಟ್ಟು ಮಡಚಿ ಗಂಟು ಹಾಕಿದಳು. ಗಂಟು ಹಾಕುವಾಗ ಅವಳ ಕಣ್ಣಲ್ಲಿ ನೀರಿತ್ತು, ತುಟಿ ಮಾತ್ರ ಬಿಗಿದಿತ್ತು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಳಿ ಮನೆಗೆ ಹೋದರು. ಗೌಡಸಾನಿ ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಆರತಿ ಹಿಡಿದುಕೊಂಡು ನಿಂತೇ ಇದ್ದಳು. ಅತ್ತಿ ಧ್ವಜ ಹಿಡಿದು ಹೊರಟಾಗ ಅವಳೂ ಹಿಂದೆ ಹೆಜ್ಜೆ ಹಾಕಿದಳು. ಓಣಿಗೆ ಇಳಿದಾಗ ಖಾಜಾಬಿ ತನ್ನ ಬಾಗಿಲಲ್ಲಿ ನಿಂತಿದ್ದಳು.

"ಬಾ," ಎಂದಳು ಅತ್ತಿ.

"ನಿನ್ನ ಗಂಡನ ಹೆಸರು ಹೇಳೋ ಜಾಗಾ ಅದು ನೀಲಮ್ಮ. ನನ್ನ ಗಂಡನ ಹೆಸರು ಹೇಳೋರು ಯಾರು ಅದಾರಲ್ಲಿ? ನಾ ಯಾಕ ಬರಲಿ?"

"ಹೊಲಿಗಿ ನಿಂದೂ ಅದ. ಬಾ."

ಖಾಜಾಬಿ ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದಳು. ಮೆರವಣಿಗೆ ಎಂದರೆ ಇಷ್ಟೇ: ಮೂವರು ವಿಧವೆಯರು, ಅವ್ವ, ಗೌಡಸಾನಿ, ಇನ್ನೊಂದಿಷ್ಟು ಹೆಂಗಸರು, ಅವ್ವನ ಸೆರಗು ಹಿಡಿದ ನಾನು. ಹಲಗೆ ಬಾರಿಸುವವನು ಬಾರಿಸಬೇಕೋ ಬೇಡವೋ ತಿಳಿಯದೆ ಕೈಕಟ್ಟಿ ನಿಂತಿದ್ದ. ಆಯಿ ಅವನಿಗೆ ಕೋಲು ತೋರಿಸಿದಳು, ಬಾರಿಸಿದ.

ಚಾವಡಿಯ ಮುಂದೆ ಕಂಬ ನೆಟ್ಟಿದ್ದರು. ಗಂಡಸರು ತೊಳೆದ ರುಮಾಲು ಸುತ್ತಿ ಸಾಲಾಗಿ ನಿಂತಿದ್ದರು. ಸುದ್ದಿ ನಮಗಿಂತ ಮುಂಚೆ ಅಲ್ಲಿ ಮುಟ್ಟಿತ್ತು. ಅತ್ತಿ ನೆಟ್ಟಗೆ ಕಂಬದ ಬುಡಕ್ಕೆ ಹೋಗಿ ಧ್ವಜವನ್ನು ಹಗ್ಗಕ್ಕೆ ತಾನೇ ಕಟ್ಟಿದಳು, ಮೇಲಕ್ಕೆ ಏರಿಸಿದಳು. ಬಿಚ್ಚುವ ಹಗ್ಗ ಅವಳ ಕೈಯಲ್ಲಿತ್ತು. ಗೌಡರು ಮುಂದೆ ಬಂದು ಕೈ ಚಾಚಿದರು.

"ಭಾಳ ಆಯ್ತು ತಂಗಿ. ಹಗ್ಗ ಈ ಕಡಿ ಕೊಡು."

"ಇಲ್ರಿ ಗೌಡ್ರ. ಇದೇ ಚಾವಡಿ ಮ್ಯಾಲ ನಮ್ಮವರು ಕಟ್ಟಿದಾಗ ನೀವು ಬಾಗಲ ಹಾಕ್ಕೊಂಡು ಒಳಗ ಕುಂತಿದ್ರಿ. ಇವತ್ತೂ ಜರಾ ಕುಂದ್ರಿ."

ಹಾಗೆಂದು ಎಳೆದೇಬಿಟ್ಟಳು. ಗಂಟು ಬಿಚ್ಚಿಕೊಂಡಿತು. ಧ್ವಜ ಹರಡುವ ಮೊದಲು ಅದರ ಉಡಿಯ ಅಕ್ಕಿ ಉದುರಿತು. ಗೌಡರ ರುಮಾಲಿನ ಮೇಲೆ, ಅಯ್ಯನವರ ಹೆಗಲ ಮೇಲೆ, ಅಪ್ಪನ ಬಿಳಿ ಟೊಪ್ಪಿಗೆಯ ಮೇಲೆ, ಕಂಬದ ಸುತ್ತ ನಿಂತ ಎಲ್ಲರ ಮೇಲೆ ಹಳದಿ ಅಕ್ಕಿ. ಅಕ್ಷತೆ ಬಿದ್ದಾಗ ತಲೆ ತಗ್ಗಿಸುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ರೂಢಿ. ಎಲ್ಲರೂ ತಲೆ ತಗ್ಗಿಸಿದರು. ತಗ್ಗಿಸಿದ ಮೇಲೆ ಅದು ಯಾರ ಕೈಯ ಅಕ್ಷತೆ ಎಂದು ನೆನಪಾಗಿರಬೇಕು, ಆದರೆ ಅಷ್ಟರಲ್ಲಿ ತಡವಾಗಿತ್ತು. ಬಿದ್ದ ಅಕ್ಷತೆಯನ್ನು ಝಾಡಿಸುವುದು ಇನ್ನೂ ದೊಡ್ಡ ಅಪಶಕುನ. ತಲೆಯ ಮೇಲೆ ಮುಂಡೆಯ ಅಕ್ಕಿ ಹೊತ್ತುಕೊಂಡು ಇಡೀ ಕಮಿಟಿ ಕಲ್ಲಿನಂತೆ ನಿಂತಿತ್ತು. ಮೊದಲು ಜೈ ಎಂದವನು ಅಪ್ಪ. ಅವನ ದನಿ ಒಡೆದಿತ್ತು. ಮನೆಗೆ ಬಂದು ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕುವಾಗಲೂ ಅದರ ಮಡಿಕೆಯಲ್ಲಿ ಅಕ್ಕಿಯಿತ್ತು. ಆಯಿ ಅದನ್ನು ನೋಡಿ, "ನಿನ್ನ ಲಗ್ನದ ಅಕ್ಕಿ ಇವತ್ತ ಬಿತ್ತು ನೋಡು," ಎಂದಳು. ಅಪ್ಪ ಅಳತೊಡಗಿದ.

ಆ ಸಂಜೆ ಅತ್ತಿ ದೇವರ ಜಗಲಿಯ ಮುಂದೆ ದೀಪ ಹಚ್ಚಿ, ಗಟ್ಟಿಯಾಗಿ ಎರಡು ಹೆಸರು ಹೇಳಿದಳು: ಚೆನ್ನಪ್ಪ, ಮೌಲಾಸಾಬ. ಗೋಡೆಯಾಚೆ ಖಾಜಾಬಿಗೆ ಕೇಳುವಷ್ಟು ಗಟ್ಟಿಯಾಗಿ. ಊರಿನ ಭಾಷಣದಲ್ಲಿ ಎರಡನೆಯ ಹೆಸರು ಎಂದೂ ಬರಲಿಲ್ಲ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಆ ದಿನ ಎರಡೂ ಬಂದವು, ಮುಂದೆ ಆಯಿ ಹೋದ ಮೇಲೂ.

ಊರು ಸುಮ್ಮನಿರಲಿಲ್ಲ. ಅವ್ವನನ್ನು ಬಹಳ ದಿನ ಯಾರೂ ಉಡಿ ತುಂಬಲು ಕರೆಯಲಿಲ್ಲ. "ಕರೀಲಿಲ್ಲಂದ್ರ ನನಗೂ ಜರಾ ಆರಾಮ," ಎಂದು ಅವ್ವ ರೊಟ್ಟಿ ಬಡಿದಳು. ಮುಂದೊಮ್ಮೆ ಮುತ್ತೈದೆಯರು ನಮ್ಮ ಮನೆಗೆ ಬಂದಾಗ ಆಯಿ ಹಳೆಯ ರೂಢಿಯಿಂದ ಅರ್ಧ ಎದ್ದಳು. ಅತ್ತಿ ಅವಳ ಸೆರಗು ಜಗ್ಗಿ ಕೂರಿಸಿದಳು. ಜೋಳದ ಕೋಣೆಯಲ್ಲಿ ಅಂದಿನಿಂದ ಜೋಳವಷ್ಟೇ ಇತ್ತು. ಮರುವರ್ಷ ಕಮಿಟಿಯವರು ಧ್ವಜ ಕೇಳಲು ನಮ್ಮ ಕಟ್ಟೆಗೆ ಬಂದರು. ಅಪ್ಪ ಒಳಗೆ ಕೈತೋರಿಸಿದ. ಅತ್ತಿ ಹೊಸ್ತಿಲಿಗೆ ಬಂದು ನಿಂತು ಹೇಳಿದಳು, "ಅದು ಒಂದೇ ಬರಂಗಿಲ್ರಿ. ನಾ ಬರ್ತೀನಿ, ಅದೂ ಬರ್ತದ." ಅವರು ಎಲೆ ಅಡಿಕೆ ಹಾಕಿಕೊಂಡು, ಹೂಂ ಎಂದು ಹೋದರು.

ಅದೇ ವರ್ಷ ಹಬ್ಬಕ್ಕೆ ಬಳೆಗಾರ ಬಂದಿದ್ದ. ನೀವೂ ಹಾಕಿಕೊಳ್ಳಿ ಎಂದು ಅವ್ವ ಅತ್ತಿಗೆ ಹೇಳಿದಳು. ಅತ್ತಿ ನಕ್ಕು, "ನನ್ನ ಕೈಗೆ ರೂಢಿ ತಪ್ಪ್ಯಾದ. ಈಕಿಗಿ ಹಾಕ್ರಿ," ಎಂದು ನನ್ನನ್ನು ಮುಂದೆ ತಳ್ಳಿದಳು. ಹಸಿರು ಬಳೆ ಏರಿಸುವಾಗ ನನಗೆ ನೋವಾಗಿ ಕೈ ಎಳೆದುಕೊಂಡೆ. ಅತ್ತಿ ನನ್ನ ಮುಂಗೈ ಹಿಡಿದುಕೊಂಡಳು.

"ಹಾಕ್ಲಿಕ್ಕೆ ಬಂದ್ರ ಕೈ ಕೊಡು ಕಾಶೀ. ಒಡಿಲಿಕ್ಕೆ ಬಂದ್ರ ಕೊಡಬ್ಯಾಡ."

ಅದಕ್ಕೆ ಏನರ್ಥವೆಂದು ನಾನು ಕೇಳಲಿಲ್ಲ. ಎಷ್ಟೋ ವರ್ಷಗಳ ನಂತರ, ಸೇಡಂನ ನನ್ನ ಗಂಡನ ಮನೆಯಲ್ಲಿ, ಅವರ ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಓಣಿಯ ಹೆಂಗಸರು ನನ್ನ ಸುತ್ತ ಕೂತು, "ಕೈ ತಾ ಅವ್ವಾ," ಎಂದರು. ನಾನು ಅಳುತ್ತಿದ್ದೆ, ಕಣ್ಣು ಕಾಣಿಸುತ್ತಿರಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡು, ಕೊಡುವುದಿಲ್ಲ ಎಂದೆ. ಮತ್ತೆ ಕೇಳಿದರು. ಮತ್ತೆ ಕೊಡುವುದಿಲ್ಲ ಎಂದೆ. ಈ ಸಾಲು ಬರೆಯುವಾಗಲೂ ನನ್ನ ಬಳೆಗಳು ಕಾಗದಕ್ಕೆ ತಾಗಿ ಸದ್ದು ಮಾಡುತ್ತಿವೆ.